ಮೇಷ್ಟ್ರಿಗೆ ದನಿ ಕೊಟ್ಟ ಕಾರ್ಡು

ಎಂಬತ್ತರ ದಶಕದ ಮಾತು. ಕೊರಟಗೆರೆಯಲ್ಲಿ ಒಬ್ಬ ಮೇಷ್ಟ್ರು ಗಂಟಲಿನ ಆಪರೇಷನ್ ಆಗಿ ದನಿ ಕಳೆದುಕೊಂಡಿದ್ದರು. ಅವರ ಭಾವಮೈದುನ ವಿದೇಶದಿಂದ, ಕೀಲಿ ಒತ್ತಿ ಬರೆದದ್ದನ್ನು ಮಾತಾಡಿ ಹೇಳುವ ಕಂಪ್ಯೂಟರ್ ತಂದುಕೊಟ್ಟಿದ್ದ. ಅದು ತುಟಿ ಪಿಟಕ್ಕೆನ್ನುತ್ತಿಲ್ಲ ಎಂದು ರೇಡಿಯೊ ರಿಪೇರಿ ಮಾಡುತ್ತಿದ್ದ ನನ್ನನ್ನು ಕರೆಸಿದ್ದರು.

ಮುಚ್ಚಳ ತೆಗೆದರೆ ಒಳಗೆ ಮೂರು ಕಾರ್ಡು ಸಿಕ್ಕಿಸಿದ್ದರು, ಒಂದರ ಮೇಲೂ ಹೆಸರಿಲ್ಲ. ಒಂದರ ವೈರು ಫ್ಲಾಪಿ ಡ್ರೈವಿಗೆ, ಇನ್ನೊಂದರದು ಪ್ರಿಂಟರಿಗೆ ಹೋಗಿತ್ತು. ಮೂರನೆಯದರಲ್ಲಿ ಇಯರ್‌ಫೋನ್ ಸಿಕ್ಕಿಸುವಂಥ ತೂತು ಮಾತ್ರ ಇತ್ತು. ದನಿಯ ಕಾರ್ಡು ಇದೇ ಇರಬೇಕೆಂದು ಹಳೇ ರೇಡಿಯೊದ ಸ್ಪೀಕರನ್ನು ಅದಕ್ಕೆ ಜೋಡಿಸಿ, ಜೊತೆಗೆ ಬಂದಿದ್ದ ಫ್ಲಾಪಿ ಹಾಕಿದೆ.

ಮೇಷ್ಟ್ರು ಇಂಗ್ಲಿಷ್ ಅಕ್ಷರಗಳಲ್ಲಿ ಹೆಂಡತಿಯ ಹೆಸರು ಒತ್ತಿದರು.

"ಸಾ...ವಿತ್ರಿ" ಎಂದಿತು ಸ್ಪೀಕರು, ಕೊಡದೊಳಗಿಂದ ಕರೆದ ಹಾಗೆ.

"ಆ, ಬಂದೆ!" ಎಂದರು ಅಡುಗೆಮನೆಯಿಂದ ಆ ತಾಯಿ. ಆಮೇಲೆ ಬಾಗಿಲಲ್ಲೇ ನಿಂತು, ಬಾಯಿಗೆ ಸೆರಗು ಹಿಡಿದು ಅತ್ತುಬಿಟ್ಟರು.

"ನಮ್ಮೋರು ನನ್ನ ಕೂಗಿ ವರ್ಸ ಆಗಿತ್ತು ಕಣಪ್ಪ. ನೀನು ತಣ್ಣಗಿರು."

ಮೇಷ್ಟ್ರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಕಾಫಿ ಬಂತು. ಒಂದು ಗುಟುಕು ಕುಡಿದ ಮೇಷ್ಟ್ರು ಮತ್ತೆ ಕೀಲಿ ಒತ್ತಿದರು: "ಸಕ್ಕರೆ ಸಾಲದು."

"ಶುರುವಾಯ್ತು ನೋಡಪ್ಪ ಇವರದ್ದು!" ಎಂದು ಆಕೆ ಅಳುತ್ತಲೇ ನಕ್ಕರು.

ಸಕ್ಕರೆ ಕಮ್ಮಿಯಿದ್ದದ್ದು ನಿಜ. ನಾನು ಮಾತ್ರ ಬಾಯಿ ಬಿಡಲಿಲ್ಲ.