ಅಬ್ಲಾ ನವಾರಾ ಬಾಯಿ ಮುಚ್ಚಿ ಕೂರುವ ಅವಧಿ

ಈಜಿಪ್ಟಿನ ಕಡಲತೀರದ ಊರು ದಮಿಯಾತ್‌ನ ಬಡಗಿ ಬೀದಿಯವರಿಗೆ ಹಟ ಸ್ವಲ್ಪ ಜಾಸ್ತಿಯೇ. ಕುರ್ಚಿಯ ಕಾಲು ಕೂದಲೆಳೆಯಷ್ಟು ಸೊಟ್ಟಗಾದರೂ ಪೂರ್ತಿ ಬಿಚ್ಚಿ ಮತ್ತೆ ಕೂಡಿಸುವ ಜನ. ಅಂಥವನೊಬ್ಬನ ಮಗಳು ನವಾರಾ. ಚಿಕ್ಕವಳಿದ್ದಾಗ ಪಾಠದ ನಡುವೆ ಎದ್ದು “ಯಾಕೆ?” ಎಂದು ಕೇಳಿದ್ದಕ್ಕೆ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ತಾನು ಟೀಚರಾದರೆ ಮಕ್ಕಳ ಬಾಯಿ ಬಿಡಿಸಿಯೇ ಸೈ ಎಂದು ಆ ಗೋಡೆಯ ಮುಂದೆಯೇ ತೀರ್ಮಾನಿಸಿದಳು. ಉಡದ ಪಟ್ಟು ಅಂದರೆ ಅದು.

ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಅರಬ್ಬಿ ಕಲಿಸತೊಡಗಿದ ಮೇಲೆ ಸೋಮವಾರದ ಕೊನೆಯ ಅವಧಿಯನ್ನು ಒಂದು ಕಾದಂಬರಿಗೆ ಮೀಸಲಿಟ್ಟಳು. ಮುಂದೆಂದೋ ಬರುವ ಕಾಲದ ಕಥೆ. ಕಡಲು ಉಕ್ಕಿ ದಮಿಯಾತ್ ಸೇರಿ ನೈಲ್ ಬಯಲನ್ನೆಲ್ಲ ನುಂಗಿದೆ. ಉಳಿದವರು ನೀರಿನ ನಡುವಿನ ಗೋಪುರದಲ್ಲಿ ಬದುಕುತ್ತಿದ್ದಾರೆ. ಇರುವವರಿಗೇ ರೊಟ್ಟಿ ಸಾಲದು ಎಂದು ಗೋಪುರದ ನಾಯಕ ಕೊನೆಯ ದೋಣಿ ಬರುವ ಮೊದಲೇ ಬಾಗಿಲು ಹಾಕಿಸುತ್ತಾನೆ. ಅದು ಸರಿಯೇ? ವಾದವೆಲ್ಲ ಹುಡುಗಿಯರದ್ದೇ. ಒಬ್ಬಳು ಮುಂದೆ ನಿಂತು ಚರ್ಚೆ ನಡೆಸಬೇಕು, ಮಾತಾಡುವವರು ತೋರುಬೆರಳೆತ್ತಿ ಸರದಿ ಕಾಯಬೇಕು. ಹುಡುಗಿಯರು ಅಬ್ಲಾ ಎಂದು ಕರೆಯುವ ಈ ಟೀಚರು ಮಾತ್ರ ಹಿಂದಿನ ಬೆಂಚಿನಲ್ಲಿ ತುಟಿಪಿಟಕ್ಕೆನ್ನದೆ ಕೂರುತ್ತಿದ್ದಳು.

ಹಜ್ ಯಾತ್ರೆ ಮುಗಿಸಿ ಬಂದಿದ್ದ ಮುಖ್ಯೋಪಾಧ್ಯಾಯಿನಿ ಹಜ್ಜಾ ಇನ್ಶಿರಾಗೆ ಇದು ಸುತರಾಂ ಹಿಡಿಸಲಿಲ್ಲ.

“ಮಕ್ಕಳೇ ಪಾಠ ಮಾಡ್ಕೊಂಡ್ರೆ ನೀನ್ಯಾಕೆ ತಾಯಿ ಇಲ್ಲಿ?”

“ಬಾಯಿ ಮುಚ್ಕೊಂಡು ಕೂರೋದು ಎಷ್ಟು ಕಷ್ಟ ಅಂತ ನೀವೂ ಒಂದಿನ ಕೂತು ನೋಡಿ, ಹಜ್ಜಾ.”

“ನಾಲಗೆ ಉದ್ದ ಆಯ್ತು ನಿಂದು. ಸೋಮವಾರ ಇನ್ಸ್‌ಪೆಕ್ಟರ್ ಬರ್ತಾರೆ. ಅವರು ಒಪ್ಪಿದ್ರೆ ನಡೆಸು, ಇಲ್ಲಾಂದ್ರೆ ಆ ಅವಧಿ ವ್ಯಾಕರಣಕ್ಕೆ.”

ಬಾಗಿಲ ಹೊರಗೆ ನಿಂತಿದ್ದ ಹುಡುಗಿಯರಿಗೆ ಇದೆಲ್ಲ ಕೇಳಿಸಿತು.

ಸೋಮವಾರ ಇನ್ಸ್‌ಪೆಕ್ಟರ್ ಉಸ್ತಾದ್ ಶಾಕಿರ್ ಬಂದು ನವಾರಾಳ ಪಕ್ಕದಲ್ಲೇ ಕೂತರು. ಚರ್ಚೆ ನಡೆಸುವ ಸರದಿ ಬುಸೈನಾಳದ್ದು. ಅವಳು ಕೇಳಿದ್ದೇ ತಡ, ಹನಾದಿ ನಾಯಕನ ವಿರುದ್ಧ ಮಾತಾಡಿದಳು. ಮೀನುಗಾರರ ಮಗಳು ರಾವ್ಯಾ ಎದ್ದು ಅವನ ಪರ ನಿಂತಳು. ಯಾರೂ ತೊದಲಲಿಲ್ಲ, ಒಬ್ಬರ ಮೇಲೊಬ್ಬರು ಬೀಳಲಿಲ್ಲ. ಶಾಕಿರ್ ಮೆಚ್ಚಿ ತಲೆದೂಗುತ್ತಿದ್ದರು.

ನವಾರಾಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಮಾತೆತ್ತಿದರೆ ಸಿಡಿಯುವ ಹನಾದಿಗೆ ಇಷ್ಟು ಸಮಾಧಾನ ಎಲ್ಲಿಂದ ಬಂತು? ಅಷ್ಟರಲ್ಲಿ ರಾವ್ಯಾ ನಡುವೆ ತಡವರಿಸಿದಳು. ಹನಾದಿಯೇ, ಎದುರಾಳಿಯೇ, ಪಿಸುಮಾತಿನಲ್ಲಿ ಮುಂದಿನ ಸಾಲು ಎತ್ತಿಕೊಟ್ಟಳು. ಪ್ರಶ್ನೆ, ಉತ್ತರ, ಜಗಳ, ಎಲ್ಲವೂ ಗಿಳಿಪಾಠ. ಪರೀಕ್ಷೆಗೆ ಉರು ಹೊಡೆದಂತೆ ಉರು ಹೊಡೆದಿದ್ದರು.

ಸುಮ್ಮನಿದ್ದರೆ ಅವಧಿ ಉಳಿಯುತ್ತಿತ್ತು. ಆದರೆ ಯಾವ ಅವಧಿ ಉಳಿದಂತಾಯಿತು? ನವಾರಾ ಎದ್ದು ನಿಂತಳು.

“ಸಾಕು. ಇದು ಬಾಯಿಪಾಠ.”

ಶಾಕಿರ್ ಹುಬ್ಬೇರಿಸಿದರು. ಬುಸೈನಾಳ ಕಣ್ಣು ತುಂಬಿತು. “ನಿಮಗೋಸ್ಕರಾನೇ ಮಾಡಿದ್ದು ಅಬ್ಲಾ.”

“ಗೊತ್ತು ಕಣೇ. ನನಗೋಸ್ಕರ ಬೇಡ. ಈಗ ನಿಮಗೆ ಅನ್ನಿಸಿದ್ದು ಹೇಳಿ.” ಅಷ್ಟು ಹೇಳಿ ಕೂತು ಬಾಯಿ ಮುಚ್ಚಿಕೊಂಡಳು.

ಒಂದು ಬೆರಳೂ ಏಳಲಿಲ್ಲ. ಹೊರಗೆ ಯಾವುದೋ ಕಾರ್ಖಾನೆಯ ಗರಗಸ ಕೊಯ್ಯುತ್ತಲೇ ಇತ್ತು. ಒಂದು ಮಾತು ಎತ್ತಿಕೊಡಲು ನವಾರಾಳ ನಾಲಗೆ ತುರಿಸಿತು. ತಲೆವಸ್ತ್ರದ ತುದಿ ಹಿಂಡುತ್ತಾ ತಡೆದುಕೊಂಡಳು. ಶಾಕಿರ್ ಗಡಿಯಾರ ನೋಡಿಕೊಂಡರು.

ಕೊನೆಗೆ ಎದ್ದದ್ದು ರಾವ್ಯಾಳ ಬೆರಳು.

“ನಾನು ಅವನ ಪರ ಮಾತಾಡ್ಬೇಕು ಅಂತ ಇವ್ರೆಲ್ಲ ಸೇರಿ ಹಂಚಿದ್ದು. ನನಗೆ ಅವನ್ನ ಕಂಡ್ರೆ ಆಗಲ್ಲ. ನಮ್ಮ ಕಡೆ ಬಿರುಗಾಳಿ ಬಂದಾಗ ಕೊನೇ ದೋಣಿ ದಡ ಸೇರೋವರೆಗೂ ಯಾರ ಮನೇಲೂ ಒಲೆ ಹಚ್ಚಲ್ಲ. ನಮ್ಮಪ್ಪನೂ ಒಂದ್ಸಲ ಕೊನೇ ದೋಣೀಲಿದ್ದ.”

“ನಿಮ್ಮಪ್ಪ ಬಂದ, ಸಂತೋಷ,” ಹನಾದಿ ಬೆರಳೆತ್ತುವುದನ್ನೂ ಮರೆತು ಎದ್ದಳು. “ಒಳಗಿರೋ ಮಕ್ಕಳಿಗೆ ರೊಟ್ಟಿ ಯಾರು ಕೊಡ್ತಾರೆ? ನಿಮ್ಮಪ್ಪನಾ?”

“ಅರ್ಧರ್ಧ ತಿಂದ್ರೆ ಸಾಯ್ತೀಯಾ?”

“ನಿನ್ನೆ ನನ್ನ ಫಲಾಫೆಲ್ ಪೂರ್ತಿ ತಿಂದೋಳು ನೀನು!”

ಬುಸೈನಾ ಮೇಜು ಬಡಿದಳು. “ಸರದಿ, ಸರದಿ!” ಬೆರಳುಗಳು ಬೇಲಿ ನೆಟ್ಟಂತೆ ಎದ್ದವು. ಶಾಲೆ ಬಿಡುವ ಗಂಟೆ ಹೊಡೆಯಿತು; ಯಾರೂ ಏಳಲಿಲ್ಲ. ಉಸ್ತಾದರಿಗೆಂದು ಚಹಾ, ಜಿಲೇಬಿಯಂಥ ಮುಶಬ್ಬಕ್ ಹಿಡಿದು ಬಂದ ಹಜ್ಜಾ ಬಾಗಿಲಲ್ಲೇ ನಿಂತರು.

ಶಾಕಿರ್ ತಡೆಯಲಾರದೆ ಬಾಯಿ ಹಾಕಿದರು. “ನೋಡಮ್ಮ, ಬಾಗಿಲು ಹಾಕೋದಕ್ಕೆ ಮುಂಚೆ ಅವನು ಜನರನ್ನ ಒಂದು ಮಾತು ಕೇಳ್ಬೇಕಿತ್ತು—”

“ಹನಾದಿ ಮಾತು ಇನ್ನೂ ಮುಗಿದಿಲ್ಲ ಉಸ್ತಾದ್,” ಎಂದಳು ಬುಸೈನಾ. “ಬೆರಳು ಎತ್ತಿ. ಸರದಿ ಬರುತ್ತೆ.”

ಹಜ್ಜಾ ಬಾಗಿಲಿಂದ ಒಂದು ಹೆಜ್ಜೆ ಒಳಗಿಟ್ಟರು. ಶಾಕಿರ್ ನವಾರಾಳ ಕಡೆ ತಿರುಗಿದರು. ಅವಳು ತುಟಿ ಬಿಗಿಹಿಡಿದು ನೇರ ಮುಂದಕ್ಕೆ ನೋಡುತ್ತಾ ಕೂತಿದ್ದಳು.

ಉಸ್ತಾದ್ ಶಾಕಿರ್ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ತೋರುಬೆರಳು ಎತ್ತಿದರು.