ಹತ್ತಿ ಸೆಕ್ಷನ್ನು

ಅಪ್ಪನ ರಕ್ತವನ್ನು ಆರೋಗ್ಯವಂತರ ಪಟ್ಟಿಗೆ ಸೇರಿಸಿದವಳು ನಾನು. ಅದಕ್ಕೆ ಬೇಕಾದ ವಿದ್ಯಾರ್ಹತೆಯೂ ನನಗಿತ್ತು: ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮೇಟಗಳ್ಳಿಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರನ್ನು ಬನ್ನಿಮಂಟಪದ ಒಂದು ಸಭಾಂಗಣಕ್ಕೆ ಕರೆಸಿ ರಕ್ತ ತೆಗೆದುಕೊಳ್ಳುತ್ತಿದ್ದರು. ಕಲ್ನಾರಿನ ಧೂಳಿನಿಂದ ಬರುವ ಕ್ಯಾನ್ಸರ್ ದಶಕಗಟ್ಟಲೆ ಸುಳಿವು ಕೊಡುವುದಿಲ್ಲವಂತೆ. ರಕ್ತದಲ್ಲಿ ಅದರ ಗುರುತು ಮೊದಲೇ ಸಿಗಬಹುದೇ ಎಂಬುದು ಸಂಶೋಧನೆ. ಆ ಧೂಳಿನಲ್ಲಿ ದುಡಿದವರದೊಂದು ಪಟ್ಟಿ, ದುಡಿಯದವರದೊಂದು. ಒಬ್ಬರ ರಕ್ತವನ್ನು ಇನ್ನೊಬ್ಬರದರ ಜೊತೆ ಹೋಲಿಸುವುದು.

ಫಾರಂ ಶುದ್ಧ ಕನ್ನಡದಲ್ಲಿತ್ತು. "ಕಲ್ನಾರಿನ ಕೆಲಸ ಮಾಡಿದ್ದೀರಾ?" ಎಂದು ಓದಿದೆ.

"ಕಲ್ಲು ನಾರುತ್ತಾ? ಯಾವನಮ್ಮ ಇದನ್ನ ಬರೆದೋನು?" ಅಪ್ಪ ನಕ್ಕರು. "ನಂದು ಹತ್ತಿ ಸೆಕ್ಷನ್ನು ಕಣಮ್ಮ. ಬಾಯ್ಲರ್‌ಗೆ ಸುತ್ತೋ ಹಗ್ಗಕ್ಕೆ ಹತ್ತಿ ಬಿಡಿಸ್ತಿದ್ದೆ. ಹಂಗೇ ಬರಿ."

"ಇಲ್ಲ. ಹತ್ತಿ ವಿಭಾಗ" ಎಂದು ಬರೆದೆ. ಬಾಯ್ಲರಿಗೆ ಹತ್ತಿಯ ಹಗ್ಗ ಸುತ್ತಿದರೆ ಏನಾಗುತ್ತದೆಂದು ತಿಳಿಯಲು ಎಂ.ಎಸ್ಸಿ. ಬೇಕಾಗಿರಲಿಲ್ಲ. "ಬಟ್ಟೆ ಮಾಡೋ ಹತ್ತಿನಾ ಅಪ್ಪ?" ಎಂದು ಎರಡು ಸಲ ಕೇಳಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ಅಂದಿನ ದಿನಚರಿಯಲ್ಲಿ ಇರುವುದು ಇಷ್ಟೇ: "ಅಪ್ಪನ ಫಾರಂ ತುಂಬಿದೆ. ಊಟಕ್ಕೆ ತಡವಾಯಿತು." ಆ ಪ್ರಶ್ನೆಯನ್ನು ನಾನು ಆಮೇಲೆ, ನನ್ನ ಅನುಕೂಲಕ್ಕೆ, ನೆನಪಿನಲ್ಲೇ ಕೇಳಿರಬೇಕು.

ಕೆಲವು ತಿಂಗಳಲ್ಲಿ ಪತ್ರ ಬಂತು. ಕಲ್ನಾರಿನ ಸಂಪರ್ಕವಿಲ್ಲದ ಆರೋಗ್ಯವಂತರ ಗುಂಪಿನಲ್ಲಿ ತಮ್ಮ ರಕ್ತ ಬಹಳ ಉಪಯುಕ್ತವಾಗಿದೆ, ಧನ್ಯವಾದಗಳು. ಅಪ್ಪ ಅದನ್ನು ಶೋಕೇಸಿನಲ್ಲಿಟ್ಟರು. "ಬೇರೆಯೋರ ರಕ್ತಾನ ನನ್ನ ರಕ್ತ ಇಟ್ಕೊಂಡು ಅಳೀತಾರೆ ಕಣ್ರೀ" ಎಂದು ಹಾಲಿನವರಿಗೂ ಹೇಳಿದರು.

ಅದೇ ಸೆಕ್ಷನ್ನಿನಲ್ಲಿ ಅಪ್ಪನ ಪಕ್ಕದಲ್ಲೇ ಕೂತು ದುಡಿದ ಸ್ನೇಹಿತರೊಬ್ಬರು ಒಂದು ಭಾನುವಾರ ಕಾಫಿಗೆ ಬಂದರು. ಪತ್ರ ಓದಿ ಲೋಟ ಕೆಳಗಿಟ್ಟರು.

"ಬೆಂಕಿ ಹಚ್ಚಿದ್ರೂ ಸುಡದ ಹತ್ತೀನ ಯಾವ ಹೊಲದಲ್ಲಯ್ಯ ಬೆಳೀತಾರೆ? ಅದೇ ಕಣೋ ಅಸ್ಬೆಸ್ಟಾಸು, ಈ ಫಾರಂನೋರು ಕಲ್ನಾರು ಅನ್ನೋದು. ನಾವು ಹತ್ತಿ ಅಂತಿದ್ವಿ, ಅಷ್ಟೇ. ನನ್ನ ಮಗ ಸರಿಯಾಗಿ ಬರೆಸ್ದ. ನಂಗೆ ಎದೆ ಎಕ್ಸ್-ರೇ ತೆಗೆದ್ರು, ವರ್ಷಾ ವರ್ಷಾ ಬನ್ನಿ ಅಂದ್ರು."

"ನಿನ್ನ ಮಗ ಏನು ಓದವ್ನೆ?" ಅಪ್ಪ ಕೇಳಿದರು.

"ಎಸ್ಸೆಲ್ಸಿ ಫೇಲು."

ಯಾರೂ ನನ್ನ ಕಡೆ ನೋಡಲಿಲ್ಲ. ಅದು ಅವರ ಸೌಜನ್ಯ.

ಮರುದಿನವೇ ಸಂಶೋಧಕರನ್ನು ಹುಡುಕಿಕೊಂಡು ಹೋಗಿ ತಪ್ಪೊಪ್ಪಿಕೊಂಡೆ. ಅಲ್ಲಿದ್ದಾಕೆ ನನ್ನ ಡಿಗ್ರಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪನ ಹೆಸರು ಇನ್ನೊಂದು ಪಟ್ಟಿಗೆ ಹೋಯಿತು, ಎಕ್ಸ್-ರೇ ಆಯಿತು. ಶ್ವಾಸಕೋಶದ ಹೊರಪೊರೆ ಒಂದು ಕಡೆ ದಪ್ಪಗಾಗಿದೆ, ಕ್ಯಾನ್ಸರ್ ಅಲ್ಲ, ಆದರೆ ಬಿಡದೆ ನೋಡುತ್ತಿರಬೇಕು, ಆರು ತಿಂಗಳಿಗೊಮ್ಮೆ ಬನ್ನಿ ಎಂದರು ಡಾಕ್ಟರು.

"ಚೆನ್ನಾಗಿದ್ದೋನ್ನ ರೋಗಿ ಮಾಡ್ಬುಟ್ಟೆಯಲ್ಲಮ್ಮ" ಎಂದರು ಅಪ್ಪ, ಬಸ್ಸಿನಲ್ಲಿ. ನಗುತ್ತಿದ್ದರು ಎಂದು ಬರೆಯಲು ಆಸೆ. ಆದರೆ ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆ, "ಸೆಕ್ಷನ್ನಲ್ಲಿ ಎಲ್ರೂ ಹತ್ತಿ ಅಂತಲೇ ಅಂತಿದ್ವಲ್ಲ. ನನ್ನಂಗೆ ಬರೆಸ್ದೋರು ಇನ್ನೆಷ್ಟು ಜನ ಅವ್ರೋ" ಎಂದರು.

ಮರುದಿನ ಬೆಳಿಗ್ಗೆ ಅಪ್ಪ ತಿಂಡಿ ಮುಗಿಸಿ ಸೈಕಲ್ಲಿಗೆ ಗಾಳಿ ಹೊಡೆದು, ಸೆಕ್ಷನ್ನಿನ ಹಳಬರ ಮನೆಗಳನ್ನು ಹುಡುಕುತ್ತಾ ಹೆಬ್ಬಾಳದ ಕಡೆ ಹೊರಟರು. ಹೆಸರು ಬರೆದುಕೊಳ್ಳಲು ಜೊತೆಗೆ ಬರಲಾ ಎಂದೆ. ಬೇಡ ಎಂದರು.