ಅಣ್ಣನಿಗಾಗಿ ನಿಲ್ಲದ ಆಟ

ಆ ಆಟ ಮಾಡಿದವರು ಯಾವ ದೇಶದವರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಎದುರಿಗೆ ನಿಲ್ಲಿಸಿಕೊಂಡು ಚೆನ್ನಾಗಿ ಬೈಯುತ್ತಿದ್ದೆ. ಒಂದನೇ ಭಾಗವನ್ನು ಅಷ್ಟು ಚಂದ ಮಾಡಿದ್ದ ಜನಕ್ಕೆ ಎರಡನೆಯದರ ಹೊತ್ತಿಗೆ ಏನು ದೊಡ್ಡರೋಗ ಬಂದಿತ್ತೋ.

ಅಕ್ಕೂರಿನ ನಮ್ಮ ಮನೆಯಲ್ಲಿ ಅಣ್ಣನೂ ನಾನೂ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟ ಅದು. ರಾಜ್ಯ ಕಟ್ಟಬೇಕು, ಕೋಟೆ ಉಳಿಸಿಕೊಳ್ಳಬೇಕು, ಪಕ್ಕದವರ ಕೋಟೆ ಹಿಡಿಯಬೇಕು. ನಮ್ಮಿಬ್ಬರ ಜೊತೆ ಕಂಪ್ಯೂಟರೂ ಒಬ್ಬ ಅರಸ. ಎಲ್ಲವೂ ಚದುರಂಗದ ಹಾಗೆ ಸರದಿಯ ಮೇಲೆ. ಒಬ್ಬರು ತಮ್ಮ ದಂಡು ನಡೆಸಿ ಗುಂಡಿ ಒತ್ತುವವರೆಗೂ ಇನ್ನೊಬ್ಬರ ಕುದುರೆ ಕದಲುವುದಿಲ್ಲ. ರೇಷ್ಮೆ ಹುಳು ಸಾಕುವ ಮನೆಗೆ ಅದಕ್ಕಿಂತ ಹೊಂದುವ ಆಟ ಬೇರೆ ಇರಲಿಲ್ಲ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಮುಂಚಿನ ನಿದ್ದೆ, ಅದರಿಂದ ಎದ್ದ ಹುಳುವಿನ ಹಸಿವು ಯಾರ ಮಾತನ್ನೂ ಕೇಳುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತಾಯಿತೆಂದರೆ ಉಣ್ಣುತ್ತಿದ್ದವರೂ ಏಳಬೇಕು. ನಾವೂ ಯುದ್ಧವನ್ನು ಅರ್ಧಕ್ಕೆ ಬಿಟ್ಟು ಹುಳುಮನೆಗೆ ಓಡುತ್ತಿದ್ದೆವು. ಒಬ್ಬರು ಕಂತೆ ಹೊರುವುದು, ಇನ್ನೊಬ್ಬರು ಸೊಪ್ಪು ಹರಡುವುದು. ಬಂದು ನೋಡಿದರೆ ಆನೆ, ಕುದುರೆ ಎಲ್ಲ ಬಿಟ್ಟಲ್ಲೇ ಇರುತ್ತಿದ್ದವು.

ಅಣ್ಣನಂತೂ ಒಂದು ನಡೆಗೆ ಎಷ್ಟು ಯೋಚಿಸುತ್ತಿದ್ದನೆಂದರೆ ನನಗೆ ತಲೆ ಕೆಡುತ್ತಿತ್ತು. "ಕೋಟೆ ಹಿಡೀತಿದ್ದೀಯೋ, ಕೋಳಿ ಥರ ಕಾವಿಗೆ ಕೂತಿದ್ದೀಯೋ?" ಎನ್ನುತ್ತಿದ್ದೆ. "ಇರಮ್ಮಿ, ಒಸಿ ನೋಡಾನ," ಎನ್ನುತ್ತಿದ್ದ. ಗೆಲ್ಲುತ್ತಿದ್ದವನೂ ಅವನೇ.

ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ಮೇಲೂ ತವರಿಗೆ ಹೋದಾಗಲೆಲ್ಲ ಆಟ ನಡೆದೇ ಇತ್ತು. ಎರಡನೇ ಭಾಗ ಬರುತ್ತದೆ ಎಂಬ ಸುದ್ದಿ ಹಿಡಿದುಕೊಂಡು ವರ್ಷಗಟ್ಟಲೆ ಕಾದೆವು. ಅಷ್ಟರಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ನಡೆದಾಡುವಷ್ಟು ಸುಧಾರಿಸಿದ, ಬಲಗೈ ಹಿಡಿತಕ್ಕೆ ಬಂತು. ಮಾತು ಮಾತ್ರ ನಿಧಾನವಾಯಿತು. ಅವನಿಗೆ ಎಲ್ಲ ತಿಳಿಯುತ್ತದೆ, ಹೇಳಬೇಕಾದ್ದು ನಾಲಿಗೆಗೆ ಬರಲು ಹೊತ್ತು ಹಿಡಿಯುತ್ತದೆ. "ಆತುರ ಮಾಡಬೇಡಿ, ಅವರಾಗಿಯೇ ಮಾತಾಡಲಿ" ಎಂದು ರಾಮನಗರದ ಡಾಕ್ಟರು ಹೇಳಿದ್ದರು. ಯಾರು ಕೇಳುತ್ತಾರೆ? ಅವನು "ನೀ..." ಎಂದರೆ ಅತ್ತಿಗೆ ನೀರು ತಂದಿಡುತ್ತಾಳೆ. ನೋಡಲು ಬಂದವರು ಅವನ ಮಾತನ್ನು ತಾವೇ ಮುಗಿಸಿ, ತಾವೇ ಉತ್ತರ ಕೊಟ್ಟು, ಕಾಫಿ ಕುಡಿದು ಎದ್ದು ಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಣ್ಣ ಹಟ ಹಿಡಿದು ಪೂರ್ತಿಯಾಗಿ ತಾನೇ ಹೇಳುತ್ತಿದ್ದ ಮಾತು ಒಂದೇ. "ಎರಡ್ನೇದು... ಬಂತಾ?"

ಬಂತು. ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು ಬಸ್ಸು ಹತ್ತಿ ಊರಿಗೆ ಹೋದೆ. ಆಟದ ಮುಂದೆ ಕೂತರೆ ಅಣ್ಣ ಮತ್ತೆ ಹಳೆಯ ಅಣ್ಣನಾಗುತ್ತಾನೆ, ಅಲ್ಲಿ ಅವನ ಬಾಯಿಂದ ಯಾರೂ ಮಾತು ಕಿತ್ತುಕೊಳ್ಳುವುದಿಲ್ಲ ಎಂಬ ಆಸೆ ನನಗೆ. ಚಿತ್ರಗಳಂತೂ ಕಣ್ಣು ಕೋರೈಸುವ ಹಾಗಿದ್ದವು, ಹೊಳೆಯೊಳಗಿನ ಮೀನು ಸಹ ಕಾಣುತ್ತಿತ್ತು. ಅಣ್ಣ ಮುಖವರಳಿಸಿ ದಂಡು ಹೊರಡಿಸಿದ. ಅಷ್ಟರಲ್ಲಿ ಅತ್ತಿಗೆ ಸೊಪ್ಪಿಗೆ ಕರೆದಳು. ಎಂದಿನಂತೆ ಇಬ್ಬರೂ ಎದ್ದು ಹೋದೆವು. ಅವನ ಸರದಿ, ಅವನು ಬರುವವರೆಗೆ ಯಾರೇನು ಮಾಡುತ್ತಾರೆ?

ಕೈ ತೊಳೆದು ಬಂದು ನೋಡಿದರೆ ಅಣ್ಣನ ಕೋಟೆಯ ಮೇಲೆ ಕಂಪ್ಯೂಟರಿನ ಬಾವುಟ ಹಾರಾಡುತ್ತಿತ್ತು. ಪರದೆಯ ಮೂಲೆಯಲ್ಲೊಂದು ಗಡಿಯಾರವಿತ್ತು. ಅಲಂಕಾರಕ್ಕಿರಬೇಕು ಅಂದುಕೊಂಡಿದ್ದೆವು. ಅದು ಸೊನ್ನೆಗೆ ಬಂದರೆ ಸರದಿ ಹೋದಂತೆ. ತೆಗೆಯುವ ದಾರಿ ಎಲ್ಲಿದೆಯೆಂದು ತಡಕಾಡಿದೆ, ಇರಲೇ ಇಲ್ಲ. ಈಗಿನವರಿಗೆ ನಿಧಾನ ಅಂದರೆ ಬೇಜಾರಂತೆ, ಅದಕ್ಕೇ ಹೀಗೆ ಮಾಡಿದ್ದಾರಂತೆ. ಅವರ ಮನೆ ಹಾಳಾಗ.

ಮತ್ತೆ ಹೊಸದಾಗಿ ಶುರುಮಾಡಿದೆವು. ಈ ಸಲ ಅಣ್ಣ ಕೂತಲ್ಲಿಂದ ಏಳಲಿಲ್ಲ. ಮೌಸ್ ಹಿಡಿದು, ಹೊಳೆ ದಾಟಿಸಲೋ ಬೇಡವೋ ಎಂದು ಯೋಚಿಸುತ್ತಿದ್ದ. ಗಡಿಯಾರ ಕೆಂಪಾಗಿ ಸರದಿ ನನಗೆ ಬಂತು. ನನ್ನದನ್ನು ಬೇಗ ಮುಗಿಸಿ ಅವನಿಗೆ ಕೊಟ್ಟೆ. ಮತ್ತೆ ಹಾಗೇ ಆಯಿತು. ಆಮೇಲೂ ಹಾಗೇ. ಅವನ ಕುದುರೆಗಳು ದಡದಲ್ಲಿ ನಿಂತಲ್ಲೇ ಸತ್ತವು. "ಆ ಕಡೆ ನಡೆಸಣ್ಣ, ಬೇಗ," ಎಂದೆ. ಅವನು ನನ್ನ ಮುಖ ನೋಡಿದ. ಮೌಸನ್ನು ನನ್ನ ಕಡೆ ಸರಿಸಿದ.

"ಬುಡಮ್ಮಿ... ಇದೂ... ಕಾಯಾಕಿಲ್ಲ."

"ಹಳೇದು ಹಾಕ್ತೀನಿ ಕಣಣ್ಣ, ಅದು ಕಾಯ್ತದೆ," ಎಂದೆ. ಬೇಡವೆಂದು ಕೈಯಾಡಿಸಿದ.

ಅಂದಿನಿಂದ ಅವನು ಮಾತು ಶುರು ಮಾಡುವುದನ್ನೇ ಬಿಟ್ಟಿದ್ದಾನೆ. ಏನು ಕೇಳಿದರೂ ತಲೆಯಾಡಿಸುತ್ತಾನೆ. ಬೇಕೋ ಬೇಡವೋ ನಾವೇ ಊಹಿಸಬೇಕು. ಇದಕ್ಕೆ ಆಟ ಕಾರಣವಲ್ಲ ಎಂದರು ಡಾಕ್ಟರು, ಇರಬಹುದು. ಹೋದ ವಾರ ಜಗಲಿಯ ಮೇಲೆ ಅವನ ಪಕ್ಕ ಕೂತು, "ನಾನೆಲ್ಲೂ ಹೋಗಾಕಿಲ್ಲ ಕಣಣ್ಣ, ಎಷ್ಟೊತ್ತಾದ್ರೂ ಕೂತಿರ್ತೀನಿ, ನೀನೇ ಹೇಳು," ಎಂದೆ.

ಅದಕ್ಕೂ ತಲೆಯಾಡಿಸಿದ.